ಮನೆಯಲ್ಲೇ ಕಟ್ಟಿದ ಸೈನ್ ವೇವ್ ಇನ್ವರ್ಟರ್: ಎಸ್.ಪಿ. ರಸ್ತೆಯ 480 ರೂಪಾಯಿ ಬೋರ್ಡಿನ ವಿಮರ್ಶೆ

ಕಳೆದ ಏಪ್ರಿಲ್‌ನ ಗಾಳಿಮಳೆಗೆ ನಮ್ಮ ಬೀದಿಯ ಗುಲ್‌ಮೊಹರ್ ಮರದ ಕೊಂಬೆ ತಂತಿಯ ಮೇಲೆ ಮುರಿದು ಬಿದ್ದು, ಒಂದೇ ವಾರದಲ್ಲಿ ಮೂರು ರಾತ್ರಿ ಕರೆಂಟ್ ಹೋಯಿತು. ಮನೆಯಲ್ಲಿ ಹನ್ನೆರಡು ವರ್ಷ ಹಳೆಯ ಇನ್ವರ್ಟರ್ ಒಂದಿದೆ. ಅದು ಕೊಡುವುದು ಸ್ಕ್ವೇರ್ ವೇವ್, ಅಂದರೆ ಚೌಕಾಕಾರದ ಅಲೆ. ಆ ಮೂರು ರಾತ್ರಿಯೂ ಅಮ್ಮನ ಕೋಣೆಯ ಸೀಲಿಂಗ್ ಫ್ಯಾನ್ ದುಂಬಿ ಹೊಕ್ಕಂತೆ ಗುಂಯ್‌ಗುಡುತ್ತಲೇ ಇತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮ್ಮ, "ಫ್ಯಾನ್ ಇಲ್ಲದೆ ಸೆಖೆಯಲ್ಲಿ ಮಲಗೋದೇ ವಾಸಿ ಕಣೋ" ಎಂದರು. ಕಾಲೇಜಿನ ದಿನಗಳಲ್ಲಿ ಸಿಡಿ4047 ಚಿಪ್ ಹಾಕಿ ಪುಟ್ಟದೊಂದು ಇನ್ವರ್ಟರ್ ಕಟ್ಟಿದ್ದ ನನಗೆ ಆ ಮಾತು ನೆಪವಾಯಿತು. ಇಜಿಎಸ್002 ಎಂಬ, ನಯವಾಗಿ ಏರಿಳಿಯುವ ಸೈನ್ ವೇವ್ ಹುಟ್ಟಿಸುವ ಡ್ರೈವರ್ ಬೋರ್ಡನ್ನು ಕೊಂಡು, ಅದರ ಸುತ್ತ 400 ವಿ.ಎ. (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಇನ್ವರ್ಟರ್ ಕಟ್ಟಿ ನಾಲ್ಕು ತಿಂಗಳು ಬಳಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಬೋರ್ಡಿನ ಜೊತೆಗೆ, ಅದಕ್ಕೆ ಟ್ರಾನ್ಸ್‌ಫಾರ್ಮರ್ ಸುತ್ತಿಸಿದ ವೈಂಡಿಂಗ್ ಅಂಗಡಿಯ ಕೆಲಸದ ಬಗ್ಗೆಯೂ ಹೇಳಬೇಕಾಗುತ್ತದೆ, ಏಕೆಂದರೆ ಅಲೆ ಹೇಗೆ ಮೂಡುತ್ತದೆ ಎಂಬುದರಲ್ಲಿ ಆ ಅಂಗಡಿಯ ಪಾಲು ಬೋರ್ಡಿನ ಪಾಲಿಗಿಂತ ಕಡಿಮೆಯಿಲ್ಲ.

ಮೊದಲು ಯಾವ ಅಲೆ ಬೇಕೆಂಬ ಪ್ರಶ್ನೆ. ಬೆಸ್ಕಾಂ ನಮ್ಮ ಮನೆಗೆ ಕೊಡುವುದು 230 ವೋಲ್ಟ್, 50 ಹರ್ಟ್ಜ್‌ನ ಸೈನ್ ಅಲೆ, ಈ 230 ಅಲೆಯ ಪರಿಣಾಮಕಾರಿ ಬಲ (ಆರ್‌ಎಂಎಸ್), ಅಲೆಯ ತುದಿ ಮುಟ್ಟುವುದು ಸುಮಾರು 325 ವೋಲ್ಟ್. ಚೌಕಾಕಾರದ ಅಲೆಯಲ್ಲಿ 230 ವೋಲ್ಟ್ ಎಂದರೆ ತುದಿಯೂ 230 ವೋಲ್ಟೇ. ಲ್ಯಾಪ್‌ಟಾಪ್ ಚಾರ್ಜರಿನಂತಹ ಉಪಕರಣಗಳು ಒಳಬಂದ ಎ.ಸಿ.ಯನ್ನು ಮೊದಲು ಡಿ.ಸಿ. ಮಾಡಿಕೊಳ್ಳುವುದರಿಂದ ಅವು ಇದನ್ನು ಹೆಚ್ಚು ತಕರಾರಿಲ್ಲದೆ ಒಪ್ಪಿಕೊಳ್ಳುತ್ತವೆ. ಫ್ಯಾನ್ ಒಪ್ಪುವುದಿಲ್ಲ. ಚೌಕಾಕಾರದ ಅಲೆಯನ್ನು ಬಿಡಿಸಿದರೆ ಒಳಗೆ 50 ಹರ್ಟ್ಜ್‌ನ ಮೂಲ ಅಲೆಯ ಜೊತೆಗೆ ಅದರ ಮೂರನೇ ಒಂದು ಭಾಗದಷ್ಟು 150 ಹರ್ಟ್ಜ್, ಐದನೇ ಒಂದು ಭಾಗದಷ್ಟು 250 ಹರ್ಟ್ಜ್, ಹೀಗೆ ಬೆಸಸಂಖ್ಯೆಯ ಹಾರ್ಮೋನಿಕ್‌ಗಳ ಸಾಲೇ ಇರುತ್ತದೆ. ಒಟ್ಟು ವಿರೂಪ ಮೂಲ ಅಲೆಯ ಶೇಕಡಾ 48ರಷ್ಟು. ಈ ಹೆಚ್ಚುವರಿ ಅಲೆಗಳು ಫ್ಯಾನಿನ ತಿರುಗುವಿಕೆಗೆ ನೆರವಾಗದೆ ಸುರುಳಿಯನ್ನು ಬಿಸಿ ಮಾಡುತ್ತವೆ, ಮೋಟರಿನೊಳಗಿನ ಕಬ್ಬಿಣದ ಪತ್ತಿಗಳನ್ನು ಅದುರಿಸಿ ಶಬ್ದ ಹುಟ್ಟಿಸುತ್ತವೆ. ಫ್ಯಾನಿನ ಕೆಪಾಸಿಟರ್ ಆವರ್ತನ ಹೆಚ್ಚಿದಷ್ಟೂ ಕರೆಂಟಿಗೆ ಸುಲಭವಾಗಿ ದಾರಿ ಬಿಡುವ ವಸ್ತುವಾದ್ದರಿಂದ ಅದೂ ಲೆಕ್ಕಕ್ಕಿಂತ ಹೆಚ್ಚು ದುಡಿಯಬೇಕಾಗುತ್ತದೆ.

ಇವೆರಡರ ನಡುವೆ ಅಂಗಡಿಯವರು "ಮಾಡಿಫೈಡ್ ಸೈನ್ ವೇವ್" ಎಂದು ಮಾರುವ ಮೂರನೆಯದೊಂದಿದೆ. ಈ ಹೆಸರಿನ ಬಗ್ಗೆ ನನ್ನ ಆಕ್ಷೇಪವಿದೆ. ಅದು ತಿದ್ದಿದ ಸೈನ್ ಅಲೆಯಲ್ಲ, ನಡುನಡುವೆ ಬಿಡುವು ಕೊಟ್ಟ ಚೌಕಾಕಾರದ ಅಲೆ. 5 ಮಿಲಿಸೆಕೆಂಡ್ ಕಾಲ 325 ವೋಲ್ಟ್, 5 ಮಿಲಿಸೆಕೆಂಡ್ ಸೊನ್ನೆ, ಮತ್ತೆ 5 ಮಿಲಿಸೆಕೆಂಡ್ ವಿರುದ್ಧ ದಿಕ್ಕಿನಲ್ಲಿ 325 ವೋಲ್ಟ್, ಮತ್ತೆ ಸೊನ್ನೆ. ಹೀಗೆ ಮಾಡಿದರೆ ತುದಿಯೂ ಪರಿಣಾಮಕಾರಿ ಬಲವೂ ಸೈನ್ ಅಲೆಯ ಎರಡಕ್ಕೂ ಸರಿಹೊಂದುತ್ತವೆ ಎಂಬುದು ನಿಜ. ಆದರೆ ಲೆಕ್ಕ ಹಾಕಿ ನೋಡಿದಾಗ ಇದರ ವಿರೂಪವೂ ಚೊಕ್ಕ ಚೌಕದ ಅಲೆಯಷ್ಟೇ, ಅದೇ ಶೇಕಡಾ 48. 150 ಹರ್ಟ್ಜ್‌ನ ಪಾಲು ಅದೇ ಮೂರನೇ ಒಂದು ಭಾಗ. ಬಿಡುವನ್ನು ಕಿರಿದಾಗಿಸಿ ಪ್ರತಿ ಅರ್ಧ ಆವರ್ತದ 10 ಮಿಲಿಸೆಕೆಂಡಿನಲ್ಲಿ 6.67 ಮಿಲಿಸೆಕೆಂಡ್ ವೋಲ್ಟೇಜ್ ಇರುವಂತೆ ಮಾಡಿದರೆ ಮಾತ್ರ 150 ಹರ್ಟ್ಜ್ ಪೂರ್ತಿ ಅಳಿದು ವಿರೂಪ ಶೇಕಡಾ 31ಕ್ಕೆ ಇಳಿಯುತ್ತದೆ. ಆಗ 230 ವೋಲ್ಟ್‌ಗೆ ಬೇಕಾದ ತುದಿ 282 ವೋಲ್ಟ್ ಮಾತ್ರ. ಫ್ಯಾನಿಗೆ ತುಸು ಹಿತವಾದರೂ ತುದಿಯನ್ನೇ ನಂಬಿಕೊಂಡ ಚಾರ್ಜರುಗಳಿಗೆ ಅಷ್ಟರಮಟ್ಟಿಗೆ ಕೊರತೆ. ಇಷ್ಟು ಗೊತ್ತಾದ ಮೇಲೆ ನಡುವಿನ ದಾರಿಯ ಆಸೆಯನ್ನು ನಾನು ಬಿಟ್ಟುಬಿಟ್ಟೆ.

ಇಲ್ಲಿಯೇ ಮಲ್ಟಿಮೀಟರ್ ಮಾಡುವ ಮೋಸವನ್ನೂ ಹೇಳಿಬಿಡುತ್ತೇನೆ. ಅಗ್ಗದ ಮೀಟರುಗಳು ಅಲೆಯ ಸರಾಸರಿಯನ್ನು ಅಳೆದು, ಅದು ಸೈನ್ ಅಲೆಯೇ ಎಂದು ಭಾವಿಸಿ 1.11ರಿಂದ ಗುಣಿಸಿ ತೋರಿಸುತ್ತವೆ. ನಿಜವಾಗಿ 230 ವೋಲ್ಟ್ ಇರುವ ಚೌಕಾಕಾರದ ಅಲೆಗೆ ಹಚ್ಚಿದರೆ ಅಂಥ ಮೀಟರ್ 255 ಎನ್ನುತ್ತದೆ. ಮೇಲೆ ಹೇಳಿದ 5 ಮಿಲಿಸೆಕೆಂಡ್ ಬಿಡುವಿನ ಅಲೆಗೆ ಹಚ್ಚಿದರೆ 180 ಎನ್ನುತ್ತದೆ. ಮನೆಯಲ್ಲಿ ಇನ್ವರ್ಟರ್ ಕಟ್ಟುವವರು ಈ 180ನ್ನು ನಂಬಿ, ವೋಲ್ಟೇಜ್ ಕಡಿಮೆಯಿದೆಯೆಂದು ಹೆಚ್ಚಿಸಲು ಹೋದರೆ ಬಲ್ಬು, ಚಾರ್ಜರುಗಳನ್ನು ಸುಟ್ಟುಕೊಳ್ಳಬಹುದು. ಟ್ರೂ ಆರ್‌ಎಂಎಸ್ ಎಂದು ಬರೆದಿರುವ ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಒಂದು ಶನಿವಾರ ಬೆಳಿಗ್ಗೆ ಟೌನ್ ಹಾಲ್ ಕಡೆಯಿಂದ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳ ಬೀದಿಯಾದ ಎಸ್.ಪಿ. ರಸ್ತೆಗೆ ನಡೆದು ಹೋದೆ. 1905ರಲ್ಲಿ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಹತ್ತಿದ್ದು ಇಲ್ಲೇ ಹತ್ತಿರದ ಸಿಟಿ ಮಾರ್ಕೆಟ್ ಬಳಿ ಎನ್ನುವುದು ಆ ಇಕ್ಕಟ್ಟಿನಲ್ಲಿ ನಡೆಯುವಾಗಲೆಲ್ಲ ನೆನಪಾಗುತ್ತದೆ. ಎರಡನೆಯ ಮಹಡಿಯ ಬಿಡಿಭಾಗದ ಅಂಗಡಿಯೊಂದರಲ್ಲಿ ಬೋರ್ಡ್ ಸಿಕ್ಕಿತು, ಬೆಲೆ 480 ರೂಪಾಯಿ. ಅಂಗೈಯಗಲದ ಹಸಿರು ಹಲಗೆಯ ಮೇಲೆ ಇಜಿ8010 ಎಂಬ ಚಿಪ್, 12 ಮೆಗಾಹರ್ಟ್ಜ್ ಕ್ರಿಸ್ಟಲ್, ಬ್ಯಾಟರಿಯ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚುಗಳಾದ ಮಾಸ್‌ಫೆಟ್‌ಗಳ ಗೇಟ್ (ನಿಯಂತ್ರಣದ ಕಾಲು) ಚಾಲನೆಗೆ ಎರಡು ಐಆರ್2110 ಚಿಪ್, ಒಂದು ಎಚ್ಚರಿಕೆಯ ಎಲ್‌ಇಡಿ. ಬೇಕಿದ್ದರೆ ವೋಲ್ಟೇಜ್, ಕರೆಂಟ್ ತೋರಿಸುವ ಪುಟ್ಟ ಪರದೆಯನ್ನೂ ಜೋಡಿಸಬಹುದು. ನಾನು ಜೋಡಿಸಲಿಲ್ಲ.

ಬೋರ್ಡಿನ ಒಳ್ಳೆಯ ಗುಣವೆಂದರೆ ಪ್ರೋಗ್ರಾಮ್ ಬರೆಯುವ ತಂಟೆಯೇ ಇಲ್ಲದಿರುವುದು. 50 ಅಥವಾ 60 ಹರ್ಟ್ಜ್, 3 ಸೆಕೆಂಡಿನ ನಿಧಾನ ಆರಂಭ, ಡೆಡ್ ಟೈಮ್ ಎಲ್ಲವನ್ನೂ ಹಲಗೆಯ ಮೇಲಿನ ಜಂಪರುಗಳಿಗೆ ಬೆಸುಗೆ ಹಾಕಿ ಆರಿಸಿಕೊಳ್ಳಬಹುದು. ಚಿಪ್ 23.4 ಕಿಲೋಹರ್ಟ್ಜ್ ವೇಗದಲ್ಲಿ ಮಾಸ್‌ಫೆಟ್‌ಗಳನ್ನು ಹಚ್ಚಿ ಆರಿಸುತ್ತಾ, ಪ್ರತಿ ಬಡಿತದ ಅಗಲವನ್ನು ಸೈನ್ ಲೆಕ್ಕದಂತೆ ಹಿಗ್ಗಿಸಿ ಕುಗ್ಗಿಸುತ್ತದೆ. ಕಿವಿಗೆ ಕೇಳುವ ಮಿತಿಗಿಂತ ಅದು ಮೇಲಿರುವುದರಿಂದ ಯಂತ್ರ ಸಿಳ್ಳೆ ಹಾಕುವುದಿಲ್ಲ. ಔಟ್‌ಪುಟ್‌ನಿಂದ ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ತೆಗೆದ ಮಾದರಿಯನ್ನು ಚಿಪ್ ತನ್ನ 3 ವೋಲ್ಟ್ ಮಾನದಂಡಕ್ಕೆ ಹೋಲಿಸಿಕೊಳ್ಳುತ್ತದೆ, ಹಾಗಾಗಿ ಬ್ಯಾಟರಿ ಇಳಿದರೂ 230 ವೋಲ್ಟ್ ಕದಲುವುದಿಲ್ಲ. ನನ್ನ ಹಳೆಯ ಸಿಡಿ4047 ಇನ್ವರ್ಟರಿನಲ್ಲಿ ಬ್ಯಾಟರಿಯ ಜೊತೆಗೇ ಬಲ್ಬೂ ಮಂಕಾಗುತ್ತಿತ್ತು. ತೊಂದರೆಯಾದಾಗ ಎಲ್‌ಇಡಿ ಮಿನುಗುವ ಎಣಿಕೆಯಲ್ಲೇ ಕಾರಣ ತಿಳಿಯುತ್ತದೆ. ಎರಡು ಬಾರಿ ಮಿನುಗಿದರೆ ಕರೆಂಟ್ ಹೆಚ್ಚು, ಮೂರು ವೋಲ್ಟೇಜ್ ಹೆಚ್ಚು, ನಾಲ್ಕು ವೋಲ್ಟೇಜ್ ಕಡಿಮೆ, ಐದು ಕಾವು ಹೆಚ್ಚು.

ಡೆಡ್ ಟೈಮ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಮಾಸ್‌ಫೆಟ್‌ಗಳನ್ನು ನಾಲ್ಕು ಕಡೆ ಜೋಡಿಸಿದ ಸೇತುವೆಯ (ಎಚ್-ಬ್ರಿಡ್ಜ್) ಒಂದೇ ತೋಳಿನ ಮೇಲಿನ ಮಾಸ್‌ಫೆಟ್ ಆರಿ ಕೆಳಗಿನದು ಹತ್ತುವ ಮುನ್ನ ಕೊಡುವ ಬಿಡುವೇ ಡೆಡ್ ಟೈಮ್. ಬೋರ್ಡಿನಲ್ಲಿ 300 ನ್ಯಾನೋಸೆಕೆಂಡ್, 500 ನ್ಯಾನೋಸೆಕೆಂಡ್, 1 ಮೈಕ್ರೋಸೆಕೆಂಡ್, 1.5 ಮೈಕ್ರೋಸೆಕೆಂಡ್ ಎಂಬ ನಾಲ್ಕು ಆಯ್ಕೆಗಳಿವೆ. ಬಿಡುವು ಕಿರಿದಾದಷ್ಟೂ ಅಲೆ ನಯವಾಗುತ್ತದೆ ಎಂಬ ಅತಿಬುದ್ಧಿಯಿಂದ ನಾನು 300ನ್ನು ಆರಿಸಿದೆ. ನಾನು ಹಾಕಿದ್ದು ಐಆರ್‌ಎಫ್3205, ಅದರಲ್ಲೂ ಎರಡೆರಡನ್ನು ಜೊತೆಗೂಡಿಸಿ ಒಟ್ಟು ಎಂಟು. ದಪ್ಪ ಗೇಟಿನ ಈ ಮಾಸ್‌ಫೆಟ್‌ಗಳು ಅಷ್ಟು ಬೇಗ ಆರುವುದಿಲ್ಲ. ಮೇಲಿನದೂ ಕೆಳಗಿನದೂ ಕ್ಷಣಕಾಲ ಒಟ್ಟಿಗೇ ಹತ್ತಿ, ಲೋಡ್ ಹಾಕುವ ಮೊದಲೇ ಹೀಟ್‌ಸಿಂಕ್ ಕೈ ಇಡಲಾಗದಷ್ಟು ಕಾದಿತು. ಪುಣ್ಯಕ್ಕೆ ಬ್ಯಾಟರಿಯ ದಾರಿಯಲ್ಲಿ ಜೆ.ಸಿ. ರಸ್ತೆಯಲ್ಲಿ ಕೊಂಡ ಕಾರಿನ ಹೆಡ್‌ಲೈಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿದ್ದೆ. ಬಲ್ಬು ಝಗ್ಗನೆ ಹೊತ್ತಿ ಕರೆಂಟನ್ನು ತಡೆದು ಎಂಟೂ ಮಾಸ್‌ಫೆಟ್‌ಗಳನ್ನು ಉಳಿಸಿತು. ಜಂಪರನ್ನು 1 ಮೈಕ್ರೋಸೆಕೆಂಡಿಗೆ ಬದಲಿಸಿದ ಮೇಲೆ ಬಲ್ಬು ಕೆಂಪಗೂ ಆಗಲಿಲ್ಲ. ಬೋರ್ಡಿನ ಜೊತೆ ಒಂದು ಚೀಟಿಯನ್ನಾದರೂ ಕೊಟ್ಟಿದ್ದರೆ ಈ ಪಾಡು ತಪ್ಪುತ್ತಿತ್ತು. ಅಂಗಡಿಯಲ್ಲಿ ಕೊಡುವುದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಲಗೆ ಮಾತ್ರ, ಡೇಟಾಶೀಟನ್ನು ನಾವೇ ಹುಡುಕಿ ಓದಬೇಕು.

ಮಾಸ್‌ಫೆಟ್ ಕೊಳ್ಳುವಾಗ ಆದದ್ದು ಬೇರೆಯೇ ಕಥೆ. ಮೊದಲು ಹೋದ ಅಂಗಡಿಯಲ್ಲಿ ಒಂದಕ್ಕೆ 25 ರೂಪಾಯಿ ಎಂದಾಗ ಖುಷಿಯಿಂದ ಹತ್ತು ಕೊಂಡು ತಂದೆ. ಅಸಲಿ ಐಆರ್‌ಎಫ್3205 ಪೂರ್ತಿ ಹತ್ತಿದಾಗ ಅದರ ರೋಧ 8 ಮಿಲಿಓಮ್ ಮೀರಬಾರದು. ಗೇಟಿಗೆ 12 ವೋಲ್ಟ್ ಕೊಟ್ಟು 10 ಆಂಪಿಯರ್ ಹರಿಸಿದರೆ ಎರಡು ಕಾಲುಗಳ ನಡುವೆ 80 ಮಿಲಿವೋಲ್ಟ್ ಒಳಗೆ ಕಾಣಬೇಕು. ನನಗೆ ಕಂಡದ್ದು 210. ಮುದ್ರೆ ಒಂದು, ಮಾಲು ಇನ್ನೊಂದು. ಬಿಲ್ ಇಲ್ಲದ ಕಾರಣ ಅಂಗಡಿಯಾತ ವಾಪಸ್ ತೆಗೆದುಕೊಳ್ಳಲಿಲ್ಲ. ಬೇರೊಂದು ಅಂಗಡಿಯಲ್ಲಿ ಬಿಲ್ ಸಮೇತ 45 ರೂಪಾಯಿಯಂತೆ ಕೊಂಡವು ಪರೀಕ್ಷೆಯಲ್ಲಿ ಪಾಸಾದವು. ಈ ಪರೀಕ್ಷೆಗೆ ಹಿಡಿಯುವುದು ಹತ್ತು ನಿಮಿಷ.

ಇನ್ನು ಟ್ರಾನ್ಸ್‌ಫಾರ್ಮರ್. ಬೋರ್ಡಿಗೆ 480 ರೂಪಾಯಿ ಕೊಟ್ಟವನು ಇದಕ್ಕೆ 4,200 ಕೊಟ್ಟೆ, ಹಾಗಾಗಿ ವಿಮರ್ಶೆಯಲ್ಲೂ ಇದಕ್ಕೆ ಹೆಚ್ಚಿನ ಜಾಗ ಸಲ್ಲಬೇಕು. ಚೌಕಾಕಾರದ ಅಲೆಯ ಇನ್ವರ್ಟರಿನಲ್ಲಿ 12 ವೋಲ್ಟ್ ಬ್ಯಾಟರಿಯನ್ನು ಅತ್ತಿತ್ತ ತಿರುಗಿಸಿ ಹಚ್ಚಿದರೆ ಪ್ರೈಮರಿಗೆ, ಅಂದರೆ ಬ್ಯಾಟರಿ ಕಡೆಯ ಸುರುಳಿಗೆ, ಹೆಚ್ಚುಕಡಿಮೆ 12 ವೋಲ್ಟೇ ಸಿಗುತ್ತದೆ. ಸೈನ್ ಅಲೆಯಲ್ಲಿ ಹಾಗಲ್ಲ. ಬ್ಯಾಟರಿಯ ವೋಲ್ಟೇಜ್ ಅಲೆಯ ತುದಿಯಾಗುತ್ತದೆಯೇ ಹೊರತು ಅದರ ಬಲವಾಗುವುದಿಲ್ಲ. ಬ್ಯಾಟರಿ 10.5 ವೋಲ್ಟ್‌ಗೆ ಇಳಿದಾಗಲೂ ತುದಿ ಚಪ್ಪಟೆಯಾಗಬಾರದೆಂದರೆ, ಮಾಸ್‌ಫೆಟ್ ಮತ್ತು ತಂತಿಗಳ ನಷ್ಟ ಕಳೆದು ಉಳಿಯುವ ಸುಮಾರು 10 ವೋಲ್ಟ್ ತುದಿಯನ್ನು 1.414ರಿಂದ ಭಾಗಿಸಬೇಕು. ಬರುವುದು 7 ವೋಲ್ಟ್. ಅಂದರೆ ಬೇಕಾದದ್ದು 7ರಿಂದ 230ಕ್ಕೆ ಏರಿಸುವ ಟ್ರಾನ್ಸ್‌ಫಾರ್ಮರ್. ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ 12-0-12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇದಕ್ಕೆ ಬರುವುದಿಲ್ಲ.

ನಾನು ಹೋದ ವೈಂಡಿಂಗ್ ಅಂಗಡಿ ಪೇಟೆಯ ಒಳಗಲ್ಲಿಯೊಂದರಲ್ಲಿದೆ. ವಾರ್ನಿಷ್ ವಾಸನೆಯ ಹತ್ತಡಿ ಕೋಣೆಯಲ್ಲಿ ಒಬ್ಬ ಹಿರಿಯರೂ ಅವರ ಅಳಿಯನೂ ಕೂತು ಸುತ್ತುತ್ತಾರೆ. ಚೀಟಿ ನೋಡಿದ ಹಿರಿಯರು ಕನ್ನಡಕ ಸರಿಮಾಡಿಕೊಂಡು, "ಏಳು ವೋಲ್ಟಾ ಸಾರ್? ಹನ್ನೆರಡು ವೋಲ್ಟ್ ಬ್ಯಾಟರಿಗೆ ಯಾರೂ ಏಳು ಕೇಳಲ್ಲ" ಎಂದರು. ಲೆಕ್ಕ ವಿವರಿಸಿದೆ. ತಲೆ ಆಡಿಸಿದರು. ಸುಮಾರು 22 ಚದರ ಸೆಂಟಿಮೀಟರ್ ಮಧ್ಯದ ಕಾಲಿರುವ ಸ್ಟ್ಯಾಂಪಿಂಗ್ (ಕಬ್ಬಿಣದ ಪತ್ತಿಗಳ ಕಟ್ಟು), ವೋಲ್ಟ್ ಒಂದಕ್ಕೆ 1.7 ಸುತ್ತು, ಹೊರಗಡೆ 10 ಮಿಲಿಮೀಟರ್ ಅಗಲ 2 ಮಿಲಿಮೀಟರ್ ದಪ್ಪದ ತಾಮ್ರದ ಪಟ್ಟಿಯಲ್ಲಿ ಪ್ರೈಮರಿ, ಒಳಗಡೆ 394 ಸುತ್ತಿನ 230 ವೋಲ್ಟ್ ಎಂದು ಒಪ್ಪಂದವಾಯಿತು. 400 ವಿ.ಎ.ಗೆ 7 ವೋಲ್ಟ್ ಕಡೆಯಲ್ಲಿ 57 ಆಂಪಿಯರ್ ಹರಿಯುವುದರಿಂದ ಅಷ್ಟು ದಪ್ಪದ ತಾಮ್ರ ಬೇಕೇ ಬೇಕು.

ನಾಲ್ಕು ದಿನದ ನಂತರ ತಂದು ಜೋಡಿಸಿದೆ. ಲೋಡ್ ಇಲ್ಲದಾಗ ಎಲ್ಲ ಸರಿ. ಎರಡು ಫ್ಯಾನ್ ಹಾಕಿ ಅರ್ಧ ಗಂಟೆ ಕಳೆದು ಬ್ಯಾಟರಿ 12 ವೋಲ್ಟ್ ಹತ್ತಿರ ಬಂದಾಗ ಮತ್ತೆ ಅದೇ ಹಳೆಯ ಗುಂಯ್ ಸದ್ದು ಸಣ್ಣಗೆ ಶುರುವಾಯಿತು. ಔಟ್‌ಪುಟ್‌ಗೆ ನೇರವಾಗಿ ಪ್ರೋಬ್ ಹಚ್ಚುವುದು ಅಪಾಯವಾದ್ದರಿಂದ 9 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಅಲೆಯ ಆಕಾರವನ್ನು ಪರದೆಯ ಮೇಲೆ ತೋರಿಸುವ ಗೆಳೆಯನ ಆಸಿಲೋಸ್ಕೋಪಿನಲ್ಲಿ ನೋಡಿದೆ. ಅಲೆಯ ತುದಿ ಬೋಳು ಗುಡ್ಡದಂತೆ ಚಪ್ಪಟೆಯಾಗಿತ್ತು. ಪ್ರೈಮರಿಯ ಸುತ್ತು ಎಣಿಸಿದರೆ ಹನ್ನೆರಡರ ಬದಲು ಹದಿನೈದು. ಹಿರಿಯರು ತಮ್ಮ ಅನುಭವವನ್ನೇ ನಂಬಿ, "ಪಾಪ, ಸಾರ್‌ಗೆ ಗೊತ್ತಿಲ್ಲ" ಎಂದುಕೊಂಡು 9 ವೋಲ್ಟಿನ ಲೆಕ್ಕಕ್ಕೆ ಸುತ್ತಿದ್ದರು! 9 ವೋಲ್ಟಿನ ಸೈನ್ ಅಲೆಗೆ 12.7 ವೋಲ್ಟ್ ತುದಿ ಬೇಕು. ಕೆಲಸ ಮಾಡುತ್ತಿರುವ ಬ್ಯಾಟರಿಯಲ್ಲಿ ಅಷ್ಟು ಇರುವುದೇ ಇಲ್ಲ. ಚಿಪ್ ಎಷ್ಟೇ ಚೆನ್ನಾಗಿ ಸೈನ್ ಬರೆದರೂ ಬ್ಯಾಟರಿ ಮುಗಿದಲ್ಲಿ ಅಲೆಯೂ ಮುಗಿಯುತ್ತದೆ.

ವಾಪಸ್ ಹೊತ್ತುಕೊಂಡು ಹೋದೆ. ಅಳಿಯ ಮುಜುಗರಪಟ್ಟರು, ಹಿರಿಯರು ಪಡಲಿಲ್ಲ. ಆದರೆ ಫೋನಿನಲ್ಲಿ ತೆಗೆದಿದ್ದ ಚಪ್ಪಟೆ ಅಲೆಯ ಚಿತ್ರವನ್ನು ತೋರಿಸಿದಾಗ ಅದನ್ನು ಬಹಳ ಹೊತ್ತು ನೋಡಿದರು. ಪ್ರೈಮರಿ ಹೊರಗಡೆಯೇ ಇದ್ದುದರಿಂದ ಹೊದಿಕೆ ಬಿಚ್ಚಿ ಮೂರು ಸುತ್ತು ತೆಗೆದು ಒಂದು ಗಂಟೆಯಲ್ಲಿ ಕೊಟ್ಟರು, ದುಡ್ಡು ಬೇಡವೆಂದರು. ಸುತ್ತಿನ ಕೆಲಸ, ನಡುವಿನ ಕಾಗದದ ಪದರ, ವಾರ್ನಿಷ್ ಇವುಗಳಲ್ಲಿ ಒಂದು ಲೋಪವನ್ನೂ ನಾನು ಕಂಡಿಲ್ಲ. ಟ್ರಾನ್ಸ್‌ಫಾರ್ಮರ್ ಸ್ವಲ್ಪವೂ ಸದ್ದು ಮಾಡುವುದಿಲ್ಲ. ಆ ಅಂಗಡಿಗೆ ಹೋಗುವವರು ಸುತ್ತಿನ ಸಂಖ್ಯೆಯನ್ನು ದೊಡ್ಡದಾಗಿ ಬರೆದುಕೊಟ್ಟು, ಹೊರಗೆ ಕಾಣುವ ಪಟ್ಟಿಯನ್ನು ಎಣಿಸಿಕೊಂಡೇ ತರುವುದು ಒಳ್ಳೆಯದು.

23.4 ಕಿಲೋಹರ್ಟ್ಜ್‌ನ ಬಡಿತಗಳನ್ನು ಸೋಸಿ ನಯವಾದ ಅಲೆ ಮಾಡಲು ಪ್ರೈಮರಿಯ ಸಾಲಿನಲ್ಲಿ 20 ಮೈಕ್ರೋಹೆನ್ರಿಯ ಚೋಕ್ (ಸುರುಳಿ), 230 ವೋಲ್ಟ್ ಕಡೆ ಒಂದು ಕೆಪಾಸಿಟರ್ ಬೇಕು. ಇದಕ್ಕೆ ಎಲ್ಲಾ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುವ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎ.ಸಿ.ಯ ಫ್ಯಾನ್ ಕೆಪಾಸಿಟರೇ ಸಾಕಾಯಿತು. ಎರಡೂ ಸೇರಿ ಸುಮಾರು 700 ಹರ್ಟ್ಜ್ ಮೇಲಿನದನ್ನು ತಡೆಯುತ್ತವೆ.

ಈಗಿನ ಲೆಕ್ಕ ಹೀಗಿದೆ. 75 ವ್ಯಾಟಿನ ಎರಡು ಫ್ಯಾನ್, 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, 12 ವ್ಯಾಟಿನ ವೈಫೈ ರೂಟರ್ ಸೇರಿ ಸುಮಾರು 200 ವ್ಯಾಟ್. ಬ್ಯಾಟರಿಯಿಂದ ಎಳೆಯುವುದು 12.2 ವೋಲ್ಟಿನಲ್ಲಿ 19.5 ಆಂಪಿಯರ್, ಅಂದರೆ ದಕ್ಷತೆ ಶೇಕಡಾ 83ರ ಆಸುಪಾಸು. ಲೋಡ್ ಇಲ್ಲದೆ ಸುಮ್ಮನಿದ್ದರೂ 0.9 ಆಂಪಿಯರ್ ತಿನ್ನುತ್ತದೆ, ಇದು ನನಗೆ ಇಷ್ಟವಾಗದ ಸಂಗತಿ. ಹೀಟ್‌ಸಿಂಕ್ ಬೆಚ್ಚಗಾಗುತ್ತದೆ, ಅಷ್ಟೇ. ಫ್ಯಾನಿನ ಪರೀಕ್ಷೆಯಂತೂ ತಾನೇ ಆಗಿಹೋಯಿತು. ಜೂನ್‌ನ ಒಂದು ರಾತ್ರಿ ಎರಡು ಗಂಟೆ ಕರೆಂಟ್ ಇರಲಿಲ್ಲವೆಂದು ಬೆಳಿಗ್ಗೆ ಹೇಳಿದಾಗ ಅಮ್ಮ, "ಹೌದಾ, ಯಾವಾಗ ಹೋಗಿತ್ತು?" ಎಂದು ಕೇಳಿದರು.

ಬೋರ್ಡ್, ಮಾಸ್‌ಫೆಟ್, ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ಪೆಟ್ಟಿಗೆ, ರಿಲೇ, ಚಿಲ್ಲರೆ ಸಾಮಾನು ಸೇರಿ 7,260 ರೂಪಾಯಿ ಖರ್ಚಾಯಿತು, ಕೆಟ್ಟ ಮಾಸ್‌ಫೆಟ್‌ಗಳ 250 ರೂಪಾಯಿ ಬೇರೆ. ಈ ದುಡ್ಡಿಗೆ ಸ್ವಲ್ಪ ಸೇರಿಸಿದರೆ ವಾರಂಟಿ ಸಮೇತ ಸಿದ್ಧ ಸೈನ್ ವೇವ್ ಇನ್ವರ್ಟರ್ ಸಿಗುತ್ತದೆ, ಅದರಲ್ಲಿ ಬ್ಯಾಟರಿ ಚಾರ್ಜರೂ ಇರುತ್ತದೆ. ಇಜಿಎಸ್002 ಚಾರ್ಜ್ ಮಾಡುವುದಿಲ್ಲ. ನಾನು ಪ್ರತ್ಯೇಕ ಚಾರ್ಜರ್ ಇಟ್ಟುಕೊಂಡಿದ್ದೇನೆ. ಆದ್ದರಿಂದ ಉಳಿತಾಯಕ್ಕಾಗಿ ಈ ಬೋರ್ಡನ್ನು ಕೊಳ್ಳುವವರಿಗೆ ಬೇಡವೆಂದೇ ಹೇಳುತ್ತೇನೆ. ಕಲಿಯಲು ಕೊಳ್ಳುವವರಿಗೆ ಇಷ್ಟು ಕಡಿಮೆ ಬೆಲೆಗೆ ಇದಕ್ಕಿಂತ ಅಚ್ಚುಕಟ್ಟಾದ ಬೋರ್ಡ್ ನನ್ನ ಕೈಗೆ ಸಿಕ್ಕಿಲ್ಲ.

ಮನೆಯ ವೈರಿಂಗಿಗೆ ಸೇರಿಸುವ ಕೆಲಸವನ್ನು ಮಾತ್ರ ನಾನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಗೆ ಬಿಟ್ಟೆ. ಬೆಸ್ಕಾಂ ಲೈನ್ ಮತ್ತು ಇನ್ವರ್ಟರ್ ಎಂದೂ ಒಂದಕ್ಕೊಂದು ತಾಗದಂತೆ ಚೇಂಜ್‌ಓವರ್ ರಿಲೇ ಇರಲೇಬೇಕು. ಇಲ್ಲದಿದ್ದರೆ ನಮ್ಮ ಮನೆಯ 230 ವೋಲ್ಟ್ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಹಿಂದಿನಿಂದ ನುಗ್ಗಿ ಸಾವಿರಾರು ವೋಲ್ಟಾಗಿ, ಕರೆಂಟ್ ಇಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಎರವಾಗಬಹುದು. ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ 60 ಆಂಪಿಯರಿನ ಫ್ಯೂಸ್ ಹಾಕಿದ್ದೇನೆ.

ಒಂದು ಮಾತು ನನ್ನ ಮೇಲೆಯೇ ಬರುತ್ತದೆ. ಎಲ್ಲ ಮುಗಿದ ಮೇಲೆ ತಂಗಿಯ ಮನೆಯಲ್ಲಿ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ನೋಡಿದೆ. ಅದು ಒಳಬಂದ ಎ.ಸಿ.ಯನ್ನು ಡಿ.ಸಿ. ಮಾಡಿಕೊಂಡು ತನ್ನ ಮೋಟರಿಗೆ ಬೇಕಾದ ಅಲೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ, ಲ್ಯಾಪ್‌ಟಾಪ್ ಚಾರ್ಜರಿನಂತೆ ಅದಕ್ಕೂ ಇನ್ವರ್ಟರಿನ ಅಲೆಯ ಆಕಾರದ ಗೊಡವೆ ಅಷ್ಟಾಗಿ ಇಲ್ಲ. ಅಂಥ ಎರಡು ಫ್ಯಾನ್ ಹಾಕಿಸಿದ್ದರೆ ಸುಮಾರು ಇಷ್ಟೇ ದುಡ್ಡಿನಲ್ಲಿ ಹಳೆಯ ಇನ್ವರ್ಟರೇ ಗುಂಯ್ ಎನ್ನದೆ ನಡೆಯುತ್ತಿತ್ತೇನೋ, ಬ್ಯಾಟರಿಯ ಮೇಲಿನ ಹೊರೆಯೂ ಅರ್ಧದಷ್ಟು ಇಳಿಯುತ್ತಿತ್ತು. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.